ಚಟ್ನಿಪುಡಿ ಡಬ್ಬಿಯೊಳಗಿನ ಪಟ್ಟಿ

ಹೊಸ ಕಟ್ಟಡಕ್ಕೆ ಸಾಗಿಸಲೆಂದು ಲ್ಯಾಬಿನ ಬೀರು ಖಾಲಿ ಮಾಡುತ್ತಿದ್ದಾಗ ಅಕ್ಕನ ಸ್ಟೀಲ್ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದರೆ ಶೇಂಗಾ ಚಟ್ನಿಪುಡಿಯ ಬೆಳ್ಳುಳ್ಳಿ ಘಾಟು ಇನ್ನೂ ಹೋಗಿರಲಿಲ್ಲ. ಒಳಗೊಂದು ಹಳೆಯ ಲಕೋಟೆ ಇತ್ತು.

ಅಕ್ಕ ಎಂದರೆ ಒಡಹುಟ್ಟಿದವರಲ್ಲ. ಧಾರವಾಡದವರು, ಜರ್ಮನಿಯ ಡ್ರೆಸ್ಡೆನ್ನಿಗೆ ಬಂದು ಇಪ್ಪತ್ತು ವರ್ಷವಾಗಿತ್ತು. ನಾನು ಮೈಸೂರಿನಿಂದ ಪಿಎಚ್‌ಡಿಗೆ ಬಂದು ಅವರ ಕೈಕೆಳಗೆ ಸೇರಿದೆ. ಇಲಿಗಳ ತಲೆಬುರುಡೆಯ ಸಿಟಿ ಸ್ಕ್ಯಾನ್ ಪರದೆಯ ಮೇಲೆ ಬಂದರೆ, ಮೂಳೆಗಳು ಕೂಡುವಲ್ಲೆಲ್ಲ ಅವರು ಒಂದೊಂದೇ ಚುಕ್ಕಿ ಇಡುತ್ತಿದ್ದರು. ಆ ಚುಕ್ಕಿಗಳನ್ನು ಅಳೆದು, ಜೀನ್ ಕೆಟ್ಟ ಇಲಿಯ ಬುರುಡೆ ಆರೋಗ್ಯವಂತ ಇಲಿಯದಕ್ಕಿಂತ ಎಲ್ಲಿ ಬೇರೆ ಎಂದು ನೋಡುವುದು ನನ್ನ ಕೆಲಸ. ತಿಳಿದರೆ ಅಳತೆ ಮನಸ್ಸಿನ ಕಡೆ ವಾಲುತ್ತದೆಂದು, ಯಾವುದು ಯಾವ ಇಲಿ ಎಂಬುದು ಮಾತ್ರ ಇಬ್ಬರಿಗೂ ತಿಳಿಯಬಾರದು. ಇಲಿ ಸಾಕುವವರು ಅದನ್ನು ಬರೆದು ಲಕೋಟೆಯಲ್ಲಿ ಅಂಟಿಸಿ ಕೊಟ್ಟ ಪಟ್ಟಿಯನ್ನು ಅಕ್ಕ ಈ ಡಬ್ಬಿಯಲ್ಲಿಟ್ಟು, “ಎಲ್ಲಾ ಮುಗಿಯೂತನಕ ಇದನ್ನ ಮುಟ್ಟಬ್ಯಾಡ ನೋಡಪಾ” ಎಂದಿದ್ದರು.

ಆ ಚಳಿಗಾಲದಲ್ಲಿ ಎಡಗಡೆಯ ಚುಕ್ಕಿಗಳು ಬಲಗಡೆಯವಕ್ಕೆ ಸಮನಾಗದೆ ಪಕ್ಕಕ್ಕೆ ಸರಿಯತೊಡಗಿದವು. ಒಂದು ಬುರುಡೆಯಲ್ಲಿ, ಮತ್ತೊಂದರಲ್ಲಿ, ಆಮೇಲೆ ಸಾಲಾಗಿ.

“ಅಕ್ಕಾ, ಎಡಗಡೆ ಏನೋ ಸಿಗ್ತಿದೆ! ಪಟ್ಟಿ ನೋಡೋಣ್ವಾ?”

“ಅವಸರ ಮಾಡಬ್ಯಾಡ. ನಿಯಮ ಅಂದ್ರ ನಿಯಮ.”

ಮೂರು ತಿಂಗಳು ಕಾದೆವು. ದೊಡ್ಡ ಸಂಶೋಧನೆಯಾಯಿತೆಂದು ನಾನಂತೂ ನೆಲದ ಮೇಲಿರಲಿಲ್ಲ. ಆ ದಿನಗಳಲ್ಲೇ ಅಕ್ಕ ಎಡಭುಜವನ್ನು ಬಾಗಿಲಿಗೆ ತಗುಲಿಸಿಕೊಳ್ಳುತ್ತಿದ್ದರು. ಎಡಗಡೆಯಿಂದ ಟ್ರಾಮ್ ಬಂದರೆ ಬೆಚ್ಚಿಬೀಳುತ್ತಿದ್ದರು. ನಾನು ನಗುತ್ತಿದ್ದೆ… ಅವರೂ ನಗುತ್ತಿದ್ದರು.

ಕೊನೆಗೆ ಲಕೋಟೆ ಒಡೆದೆವು. ಆರೋಗ್ಯವಂತ ಇಲಿಗಳಲ್ಲೂ ಎಡಗಡೆ ಅಷ್ಟೇ ಸರಿದಿತ್ತು. ಏನೂ ತೋಚದೆ, ಅದೇ ಬುರುಡೆಗಳಿಗೆ ನಾನೇ ಕೂತು ಚುಕ್ಕಿ ಇಟ್ಟೆ. ಒಂದೂ ಸರಿದಿರಲಿಲ್ಲ. ಇಬ್ಬರ ಚುಕ್ಕಿಗಳನ್ನೂ ಅಕ್ಕಪಕ್ಕ ಇಟ್ಟು ತೋರಿಸಿದೆ. ಅಕ್ಕ ಕುರ್ಚಿ ಎಳೆದುಕೊಂಡು ಒಂದೊಂದನ್ನೇ ನೋಡಿದರು.

“ಇಲಿ ತಲಿ ಬರೋಬರಿ ಅದ. ಹಂಗಾರ ನಂದ…” ಎಂದವರು ಅಲ್ಲಿಗೇ ನಿಲ್ಲಿಸಿ, “ಕಣ್ಣಿನ ಡಾಕ್ಟರ ಅಪಾಯಿಂಟ್‌ಮೆಂಟ್ ತಗೋತೇನಿ” ಎಂದು ಎದ್ದರು.

ತೊಂದರೆ ಕಣ್ಣಿನದಾಗಿರಲಿಲ್ಲ. ಮಿದುಳಿನ ಬಲಭಾಗದಲ್ಲಿ ಗಡ್ಡೆ ಬೆಳೆದು ಎಡಗಡೆಯ ನೋಟವನ್ನು ತಿಂದಿತ್ತು. ಮೂರು ತಿಂಗಳ ಮುಂಚೆ ಬಂದಿದ್ದರೆ ಆಪರೇಷನ್ ಮಾಡಬಹುದಿತ್ತು ಎಂದರು ಆಸ್ಪತ್ರೆಯವರು. ಆ ಮಾತನ್ನು ಜರ್ಮನ್‌ನಲ್ಲಿ ಕೇಳಿಸಿಕೊಂಡು, ಅರ್ಥವಾಗದವನಂತೆ ಗೋಡೆ ನೋಡುತ್ತಾ ನಿಂತಿದ್ದೆ. ಅಕ್ಕ ಹಾಸಿಗೆಯಿಂದ ನನ್ನ ಕೈ ತಟ್ಟಿ, “ನಿಯಮ ಮಾಡಿದಾಕಿ ನಾನು. ನಿಂದೇನು ತಪ್ಪು?” ಎಂದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಬೇಸಿಗೆ ಬರುವ ಮೊದಲೇ ಹೋಗಿಬಿಟ್ಟರು.

ಇವತ್ತು ಆ ಪಟ್ಟಿಯನ್ನು ಮತ್ತೆ ಬಿಡಿಸಿದೆ. ಎಡಗಡೆಯ ಚುಕ್ಕಿ ಮೊಟ್ಟಮೊದಲು ಸರಿದ ಇಲಿಯ ನಂಬರು ನನಗೆ ಬಾಯಿಪಾಠ. ಬೆರಳಿಟ್ಟು ಹುಡುಕಿದೆ. ಅದರ ಮುಂದೆ ಆರೋಗ್ಯವಂತ ಎಂದೇ ಬರೆದಿತ್ತು. ಪಟ್ಟಿ ನೋಡೋಣವೇ ಎಂದು ನಾನು ಕೇಳಿದ ದಿನವೂ ಅದು ಈ ಡಬ್ಬಿಯಲ್ಲೇ ಇತ್ತು, ನನ್ನ ಕೈಗೆಟುಕುವಷ್ಟು ದೂರದಲ್ಲಿ.