ಹೆಚ್ಚಿಗೆ ಬಿದ್ದ ಅಕ್ಷರ

ನರಿಕೊಂಬಿನ ಬಸ್ ತಂಗುದಾಣದ ಗೋಡೆಯಲ್ಲಿ ಪೇಂಟರ್ ಊರಿನ ಹೆಸರನ್ನು ಕನ್ನಡದಲ್ಲಿ ಬರೆದು ಮುಗಿಸಿದ್ದರು. ಇಂಗ್ಲಿಷಿನ ಜಾಗ ಖಾಲಿಯಿತ್ತು. ನರಿಗೆ ಕೊಂಬು ಎಲ್ಲಿಂದ ಬಂತೆಂದು ಕೇಳಿದೆ.

"ಅದು ಗೊತ್ತಿಲ್ಲ ಮಾರಾಯ್ರೆ. ಇಂಗ್ಲಿಷ್ ಸ್ಪೆಲ್ಲಿಂಗ್ ಮಾತ್ರ ಈಗ ಬರ್ತದೆ, ತರುವವರನ್ನೇ ಕಾಯ್ತಾ ಇದ್ದೇನೆ," ಎಂದರು.

ಬಂದವರು ಶೀನಣ್ಣನೆಂಬ ಮುದುಕರು, ಕೈಯಲ್ಲಿ ರದ್ದಾಗಿ ಮೂಲೆ ಕತ್ತರಿಸಿದ ಹಳೆಯ ಪಾಸ್‌ಪೋರ್ಟ್. ಯಾವ ಊರಿನ ಹೆಸರನ್ನೂ ಇಂಗ್ಲಿಷಿನಲ್ಲಿ, ಆ ಊರಿನಿಂದ ಮೊದಲು ಗಲ್ಫಿಗೆ ಹೋದವರ ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಬರೆಯುವುದು ಪೇಂಟರ್ ಅವರ ರೂಢಿಯಂತೆ; ಇಲ್ಲಿಂದ ಮೊದಲು ಹೋದವರು ಶೀನಣ್ಣ. ಪೇಂಟರ್ ಒಂದೊಂದೇ ಅಕ್ಷರ ನೋಡಿ ಬರೆಯತೊಡಗಿದರು.

"ಮೈಲಿಗಲ್ಲಿನಲ್ಲಿ ಹೀಗಿಲ್ಲವಲ್ಲ, ಇದರಲ್ಲಿ ಒಂದು ಅಕ್ಷರ ಹೆಚ್ಚುಂಟು," ಎಂದೆ.

"ಇರಲಿ," ಎಂದರು ಶೀನಣ್ಣ. "ಆ ಅಕ್ಷರ ಹೊತ್ತುಕೊಂಡೇ ನಾನು ಮಸ್ಕತ್ತಿನ ಹೋಟೆಲಿನಲ್ಲಿ ಇಪ್ಪತ್ತು ವರ್ಷ ಪಾತ್ರೆ ತೊಳೆದದ್ದು."

ಪೇಂಟರ್ ಆ ಅಕ್ಷರದ ಮೇಲೆ ಇನ್ನೊಮ್ಮೆ ಬಣ್ಣ ಎಳೆದರು.