ಎಲ್‌ವುಡ್ ಬಡಿದು ನೋಡಿದ ಕ್ರ್ಯಾಂಕು

ಇಂಡಿಯಾನಾದ ನಮ್ಮ ಸೀಮೆಯಲ್ಲಿ ಎಲ್‌ವುಡ್ ಸ್ಟ್ಯಾಂಪರ್‌ನ ಕಿವಿ ದಾಟದೆ ರೇಸಿನ ಎಂಜಿನ್ ಒಂದೂ ಹೊರಬೀಳುತ್ತಿರಲಿಲ್ಲ. ಪಿಸ್ಟನ್ನುಗಳ ಏಟನ್ನೆಲ್ಲ ತಿಂದು ತಿರುಗುವ ಕ್ರ್ಯಾಂಕನ್ನು ಅವನು ಸರಪಳಿಗೆ ತೂಗುಹಾಕಿ ಸಣ್ಣ ಸುತ್ತಿಗೆಯಿಂದ ಬಡಿಯುತ್ತಿದ್ದ. ಗಂಟೆಯ ಹಾಗೆ ಮೊಳಗಿದರೆ ಸರಿ, ದಬ್ಬೆಂದರೆ ಒಳಗೆ ಬಿರುಕು. ಬಿರುಕು ತೋರಿಸುವ ಯಂತ್ರ ಕೊಳ್ಳಯ್ಯ ಎಂದರೆ ಗುರಾಯಿಸುತ್ತಿದ್ದ. ಎದುರಿಗೇ ಬಿಡಿಭಾಗಗಳ ಅಂಗಡಿ ಇಟ್ಟುಕೊಂಡು ಇಪ್ಪತ್ತು ವರ್ಷ ಹಾಗೆ ಗುರಾಯಿಸಿಕೊಂಡವನು ನಾನು.

ಎಲ್‌ವುಡ್‌ನ ಹೆಂಡತಿ ಓಪಲ್ ಸತ್ತು ಮೂರು ವರ್ಷವಾಗಿತ್ತು. ಮಧ್ಯಾಹ್ನ ಲೇತಿನ ಪಕ್ಕ ನಿಂತೇ ತಣ್ಣಗಿನ ಸ್ಯಾಂಡ್‌ವಿಚ್ ತಿಂದು ಮುಗಿಸುತ್ತಿದ್ದ.

ಆ ವಸಂತದಲ್ಲಿ ಡೀಡ್ರಾ ಹಟ್ಸೆಲ್ ಎಂಬಾಕೆ ತೀರಿಹೋದ ತನ್ನ ಅಪ್ಪನ ರೇಸಿನ ಎಂಜಿನ್ ತಂದಳು.

"ಎಂಜಿನ್ ಜೊತೆ ಬಂದ ಕಂಪನಿ ಕ್ರ್ಯಾಂಕೇ ಇರ್ಲಿ ಅಂತ ಆಸೆ. ಅಪ್ಪ ಹದಿನೆಂಟು ವರ್ಷ ಇದ್ರಲ್ಲೇ ಓಡ್ಸಿದ್ದು."

"ನಾನೂರು ಕುದುರೆ ಶಕ್ತಿ ಒಳಗೆ ಅದೇ ಧಾರಾಳ ಕಣಮ್ಮ. ಹೊರಗಿನ ಉಕ್ಕಿಂದು ತರ್ಸಿದ್ರೆ ಇವನ ಅಂಗಡಿ ಉದ್ಧಾರ ಆಗುತ್ತೆ, ಅಷ್ಟೆ," ಎಂದು ಎಲ್‌ವುಡ್ ನನ್ನತ್ತ ಕೈ ತೋರಿಸಿದ.

ಮರುದಿನ ಒಬ್ಬನೇ ಬಡಿದು ನೋಡಿ, ಬಿರುಕು ಬಿಟ್ಟಿದೆ ಎಂದು ಅವಳಿಗೆ ಹೇಳಿ ಕಳಿಸಿದ. ಅವಳು ನನ್ನ ಅಂಗಡಿಗೆ ಬಂದು ಹೊರಗಿನ ಕ್ರ್ಯಾಂಕಿಗೆ ಆರ್ಡರ್ ಕೊಡುತ್ತ ಅತ್ತುಬಿಟ್ಟಳು.

ವಾರದ ಮೇಲೆ ಬಂದ ಹೊಸದನ್ನು ನಾನೇ ಹೊತ್ತೊಯ್ದೆ. ಎಲ್‌ವುಡ್ ತೂಗುಹಾಕಿ ಬಡಿದ.

"ಇದೂ ಒಡಕು. ವಾಪಸ್ ಕಳ್ಸು."

"ತಲೆ ಕೆಟ್ಟಿದ್ಯೇನೋ? ಇನ್ನೂ ಮೊಳಗ್ತಾನೇ ಇದೆ!"

"ಎಲ್ಲಿ?"

ಅವನು ಮೂಲೆಯಲ್ಲಿದ್ದ ಡೀಡ್ರಾಳ ಅಪ್ಪನ ಹಳೆಯ ಕ್ರ್ಯಾಂಕನ್ನು ತಂದು ತೂಗುಹಾಕಿದ. ಈ ಸಲ ಅದನ್ನು ನೋಡದೆ ನನ್ನ ಮುಖವನ್ನೇ ನೋಡುತ್ತ ಬಡಿದ. ಶೆಡ್ಡೆಲ್ಲ ಮೊಳಗಿತು.

"ಕೇಳ್ತಾ?"

"ಹೂಂ ಕಣೋ. ಚೆನ್ನಾಗೇ ಕೇಳ್ತು."

ಅವನು ಸುತ್ತಿಗೆಯನ್ನು ಮೆಲ್ಲಗೆ ಕೆಳಗಿಟ್ಟು ಡೀಡ್ರಾಗೆ ಫೋನು ಮಾಡಿದ. "ನಿಮ್ಮಪ್ಪಂದು ಗಟ್ಟಿಯಾಗೇ ಇದೆಯಮ್ಮ. ಕೆಟ್ಟಿರೋದು ನನ್ನ ಕಿವಿ. ಆದ್ರೂ ನನ್ನ ಮಾತು ನಂಬಬೇಡ, ಪಕ್ಕದೂರಲ್ಲಿ ಯಂತ್ರಕ್ಕೆ ಹಾಕ್ಸಿ ನೋಡು." ಅವಳು ಏನು ಹೇಳಿದಳೋ, "ಹಾಂ? ಹಾಂ?" ಎಂದು ಎರಡು ಸಲ ಕೇಳಿ, ಫೋನನ್ನು ನನ್ನ ಕೈಗೆ ಕೊಟ್ಟ.

ಅವಳು ಬೈದಿರಲಿಲ್ಲ. ಅಪ್ಪನ ಕ್ರ್ಯಾಂಕು ಉಳಿಯಿತೆಂದು ಖುಷಿಯಾಗಿದ್ದಳು. ನಾನು ಫೋನು ಕೆಳಗಿಟ್ಟೆ. ಎಷ್ಟೋ ಬೆಳಿಗ್ಗೆ ರಸ್ತೆಯಾಚೆಯಿಂದ ಕೂಗಿದಾಗ ಅವನು ತಿರುಗಿ ನೋಡದಿದ್ದುದಕ್ಕೆ, ಮುದುಕನಿಗೆ ಜಂಭ ಎಂದುಕೊಂಡು ಕೂಗುವುದನ್ನೇ ಬಿಟ್ಟಿದ್ದೆ. ಹತ್ತಿರ ಹೋಗಿ ಗಟ್ಟಿಯಾಗಿ ಕೇಳಿದೆ:

"ಯಾವಾಗ್ಲಿಂದ ಹೀಗಾಗಿದೆಯೋ?"



"ಗೊತ್ತಿಲ್ಲ ಕಣೋ. ಮನೇಲಿ ಮಾತಾಡೋರು ಯಾರೂ ಇಲ್ವಲ್ಲ, ಹೇಗೆ ಗೊತ್ತಾಗ್ಬೇಕು?"