ಊರಿಗೆಲ್ಲ ಬೆಕ್ಕು, ಯುಪಿನಳಿಗೆ ಹಲಗೆ

ಗಂಡ ಕುಡಿದು ಬಂದರೆ ಬೈಯಬಹುದು, ಕೋಳಿಪಂದ್ಯ ಆಡಿದರೆ ಅವನ ಅಕ್ಕನ ಮನೆಗೆ ದೂರು ಒಯ್ಯಬಹುದು. ಊರಿಗೆಲ್ಲ ತೆಂಗಿನಕಾಯಿ ತುರಿಮಣೆ ಕೆತ್ತಿ ಕೊಡುವ ಗಂಡನನ್ನು ಏನಂತ ಬೈಯುವುದು, ನೀವೇ ಹೇಳಿ? ಯುಪಿನಳ ಸಂಕಟ ಇದೇ. ಹೇಳಿಕೊಂಡರೆ ಕೇಳಿದವರು ನಗುತ್ತಿದ್ದರು. ನಗುವವರ ಅಡುಗೆಮನೆಯಲ್ಲೂ ಅವಳ ಗಂಡ ಕೆತ್ತಿದ ಮಣೆಯೇ ಇರುತ್ತಿತ್ತು!

ಗಂಡ ಛಿನ್ ರಬ್ಬರ್ ತೋಟದವನು. ನಸುಕಿನಲ್ಲೆದ್ದು ಮರ ಗೀರಿ, ಹಾಲು ಇಳಿಸಿ, ಬಿಸಿಲೇರುವ ಹೊತ್ತಿಗೆ ಮನೆಗೆ ಬಂದು ಉಂಡನೆಂದರೆ ಆಮೇಲೆ ಮನುಷ್ಯರ ಕೈಗೆ ಸಿಗುವ ಪ್ರಾಣಿಯಲ್ಲ. ಕಂಬಗಳ ಮೇಲೆ ಎತ್ತಿ ಕಟ್ಟಿದ ಮನೆಯ ಕೆಳಗೆ, ನೆರಳಿನಲ್ಲಿ, ಹಲಸಿನ ದಿಮ್ಮಿಯೊಂದನ್ನು ಕಾಲುಗಳ ನಡುವೆ ಇರಿಸಿಕೊಂಡು ಕೂತುಬಿಡುವನು. ಬಾಚಿ, ಉಳಿ, ಕೊಡತಿ, ಪಕ್ಕದಲ್ಲಿ ಒಂದು ಲೋಟ ತಣ್ಣಗಾದ ಕಾಫಿ. ತುರಿಮಣೆಗೆಂದು ಬೆಕ್ಕು ಕೆತ್ತುವನು, ಆಮೆ ಕೆತ್ತುವನು, ಒಮ್ಮೆ ಬಾತುಕೋಳಿಯನ್ನೂ ಕೆತ್ತಿದ್ದ. ಅದರ ಬೆನ್ನ ಮೇಲೆ ಕೂತು, ಬಾಯಿಂದ ಹೊರಚಾಚಿದ ಹಲ್ಲುಗಬ್ಬಿಣಕ್ಕೆ ಕಾಯಿ ಒತ್ತಿ ತುರಿಯಬೇಕು. ಮಾರುವ ಮಾತೇ ಇಲ್ಲ. ದುಡ್ಡು ಕೊಡಲು ಬಂದವರನ್ನು "ನಾನೇನು ಅಂಗಡಿ ಇಟ್ಕೊಂಡಿದೀನಾ?" ಎಂದು ಗದರಿಸಿ ಕಳಿಸುವನು. ಕೇಳಿದವರಿಗೆ ಪುಕ್ಕಟೆ. ಮನೆಗೆ ಮಾರಿ, ಊರಿಗೆ ಉಪಕಾರಿ ಅಂತಾರಲ್ಲ, ಅದು ಇವನನ್ನು ನೋಡಿಯೇ ಹುಟ್ಟಿದ ಮಾತಿರಬೇಕು.

ಯುಪಿನಳಿಗೆ ಮಾತ್ರ ಅತ್ತೆಯ ಕಾಲದ ಹಲಗೆ. ಅದಕ್ಕೆ ಕಿವಿಯಿಲ್ಲ, ಕಣ್ಣಿಲ್ಲ, ಬಾಲವಿಲ್ಲ. ಮೊಳೆ ಮೇಲೆದ್ದು ಉಟ್ಟ ಲುಂಗಿ ಹರಿಯುತ್ತಿತ್ತು. ಅವಳೇನು ಕೈಕೆಲಸದ ಬೆಲೆ ಗೊತ್ತಿಲ್ಲದವಳಲ್ಲ. ಕೆರೆಯ ಜೊಂಡು ಕೊಯ್ದು, ಕೆಸರು ನೀರಿನಲ್ಲಿ ಅದ್ದಿ, ಒಣಗಿಸಿ, ಬಡಿದು, ಚಾಪೆ ಹೆಣೆಯುವವಳು. ಕೈಯಿಂದ ಆದ ವಸ್ತುವಿನಲ್ಲಿ ಮಾಡಿದವರ ಮನಸ್ಸು ಎಲ್ಲಿತ್ತು ಅನ್ನುವುದು ಬೆರಳಿಟ್ಟರೆ ಗೊತ್ತಾಗುತ್ತದೆಂದು ಅವಳು ನಂಬಿದ್ದಳು. ಹಾಗೆ ನಂಬಿದ್ದಕ್ಕೇ ಹೊಟ್ಟೆ ಉರಿಯುತ್ತಿತ್ತು. ಮದುವೆಯಾದ ಹೊಸದರಲ್ಲಿ "ನಿನಗೊಂದು ಮಾಡ್ಕೊಡ್ತೀನಿ, ಊರೇ ನೋಡ್ಬೇಕು" ಅಂದಿದ್ದ. ಮಗಳಿಗೆ ಮದುವೆಯಾಗಿ ಮೊಮ್ಮಗ ಹುಟ್ಟಿದ, ಮಣೆ ಹುಟ್ಟಲಿಲ್ಲ. ಬಾಯಿಬಿಟ್ಟು ಕೇಳಬಾರದೇ ಅಂದರೆ, ಊಹೂಂ, ಕೇಳಿ ಪಡೆದರೆ ಅದು ಭಿಕ್ಷೆ. ಯುಪಿನ್ ಆ ಜಾತಿಯ ಹೆಂಗಸಲ್ಲ.

ಹಿರಿಯರ ಹಬ್ಬ ಹತ್ತಿರ ಬಂದಿತ್ತು. ಗುಡಿಗೆ ಒಯ್ಯುವ ಸಿಹಿತಿಂಡಿಗೆ ಮನೆಮನೆಯಲ್ಲೂ ಕಾಯಿ ತುರಿಯುವ ಕಾಲ. ಪಕ್ಕದ ಮನೆಯ ಲಮೈ ಜೊಂಡು ಬಡಿಯಲು ಬಂದವಳು ಕೂರುವ ಮೊದಲೇ ಶುರು ಮಾಡಿದಳು.

"ಯುಪಿನಕ್ಕಾ, ಕಾಫಿ ಅಂಗಡಿ ಸುಮಾಲಿ ಮನೆ ಬೆಕ್ಕು ನೋಡಿದ್ಯಾ?"

"ಅವಳು ಯಾವಾಗ ಬೆಕ್ಕು ಸಾಕಿದ್ಲು?"

"ಸಾಕಿರೋದಲ್ಲಕ್ಕ. ಛಿನ್ ಅಣ್ಣ ಕೆತ್ಕೊಟ್ಟಿರೋದು. ಅಬ್ಬಬ್ಬಾ, ಮೀಸೆ ಕೂಡ ಬಿಟ್ಟಿಲ್ಲ! ನಮ್ಮನೆ ಆಮೆ ಅದರ ಮುಂದೆ ಬರೀ ಕಲ್ಲುಗುಂಡು."

ಸುಮಾಲಿ ಗಂಡ ಸತ್ತವಳು. ಊರಿಗೆ ಹೊಸಬಳು, ಎತ್ತರದ ಆಳು, ನಕ್ಕರೆ ರಸ್ತೆಯಾಚೆಗೂ ಕೇಳಿಸುತ್ತದೆ. ಯುಪಿನಳ ಕೈಯಲ್ಲಿದ್ದ ಜೊಂಡು ಚಟ್ಟನೆ ಮುರಿಯಿತು.

ಲಮೈಗೆ ಉರಿಯುವ ಬೆಂಕಿಗೆ ತುಪ್ಪ ಸುರಿಯುವುದೆಂದರೆ ಹಬ್ಬದೂಟ. "ನಂಗೊಂದೇ ಅನುಮಾನ ಅಕ್ಕ. ತುರಿಮಣೆ ಅಂದ್ರೆ ಚಪ್ಪಲಿ ಇದ್ದಂಗೆ, ಕೂರೋರ ಅಳತೆ ಬೇಕಲ್ವಾ? ಅಣ್ಣ ಅವಳ ಅಳತೆ ಯಾವಾಗ ತಗೊಂಡ್ರೋ!"

"ಬಾಯಿ ಮುಚ್ಕೊಂಡು ಜೊಂಡು ಬಡಿಯೇ, ಮುಂಡೇದೇ!"

ಲಮೈ ಬಾಯಿ ಮುಚ್ಚಿದಳು. ಯುಪಿನಳ ತಲೆಯೊಳಗೆ ಮಾತ್ರ ಆ ಮಾತು ಮುಚ್ಚಲಿಲ್ಲ. ಅಳತೆ! ಕಾಫಿಗೆಂದು ಹೋಗಿ ಕೂರುತ್ತಿದ್ದ ಗಂಡ ಆ ಹೆಂಗಸಿನ ಕಾಲು ಎಷ್ಟುದ್ದ, ಸೊಂಟ ಎಷ್ಟಗಲ ಅಂತ ಕಣ್ಣಲ್ಲೇ ಅಳೆಯುತ್ತಿದ್ದನೇ? ಮೈಯೆಲ್ಲ ಮೆಣಸಿನಕಾಯಿ ಅರೆದು ಬಳಿದಂತಾಯಿತು. ಆ ರಾತ್ರಿಯ ಮೀನಿನ ಸಾರಿಗೆ ಬೇಕೆಂದೇ ಕಾಯಿಹಾಲು ಹಾಕಲಿಲ್ಲ.

"ಸಾರು ಹೆಂಗಿದೆ?"

"ಚೆನ್ನಾಗಿದೆ."

"ಕಾಯಿ ಹಾಕಿಲ್ಲ."

"ಹೌದಾ?" ಅಂದು ಛಿನ್ ಇನ್ನೊಂದು ಸೌಟು ಬಡಿಸಿಕೊಂಡ. ಇಂಥವನ ಹತ್ತಿರ ಜಗಳ ಆಡಬೇಕೆಂದರೆ ಗೋಡೆಯ ಹತ್ತಿರ ಆಡಿದಂತೆ.

ಮರುದಿನ ಒಂದು ಜೊಂಡಿನ ಚೀಲ ಮಾರುವ ನೆಪ ಮಾಡಿಕೊಂಡು ಸುಮಾಲಿಯ ಅಂಗಡಿಗೆ ಹೊರಟಳು. ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಮಸೆಯುತ್ತಲೇ ಹೋದಳು. ಅಂಗಡಿಗೆ ಕಾಲಿಟ್ಟದ್ದೇ ಎಲ್ಲ ಮರೆತುಹೋದವು. ಸಕ್ಕರೆ ಡಬ್ಬಿಗಳ ಪಕ್ಕದ ಕಪಾಟಿನ ಮೇಲೆ ಬೆಕ್ಕು ಮಲಗಿತ್ತು. ಎಂಥ ಬೆಕ್ಕು! ಈಗ ತಾನೇ ಮೀನು ಕದ್ದು ತಿಂದು ಏನೂ ಅರಿಯದ ಹಾಗೆ ಕಣ್ಣು ಮುಚ್ಚಿದ ಬೆಕ್ಕು. ಚೆನ್ನಾಗಿಲ್ಲದಿದ್ದರೆ ಅವಳು ಅಷ್ಟು ಅಳುತ್ತಿರಲಿಲ್ಲ. ಹೌದು, ಕಣ್ಣಲ್ಲಿ ನೀರೇ ಬಂದಿತ್ತು. ಹೊಗೆ ಹೊಗೆ ಅಂತ ಒಲೆಯ ಮೇಲೆ ಹಾಕಿದಳು.

"ಮೇಲ್ಯಾಕಿಟ್ಟಿದೀಯಾ?" ಅಂದಳು. ದನಿ ಗಡಸಾಗಿತ್ತು.

"ಅಯ್ಯೋ ಅಕ್ಕ, ನೋಡೋಕೆ ರಾಣಿ, ಕೂತ್ರೆ ಶನಿ!" ಸುಮಾಲಿ ಹಣೆ ಚಚ್ಚಿಕೊಂಡಳು. "ನಾನು ಕೂತ್ರೆ ಮೊಣಕಾಲು ಕಿವಿಗೆ ತಾಗುತ್ತೆ. ಕಬ್ಬಿಣ ಬೇರೆ ಎಡಕ್ಕೆ ವಾಲಿದೆ, ಬಲಗೈಲಿ ತುರಿಯೋಕೇ ಬರಲ್ಲ. ಸೊಂಟ ಹಿಡ್ಕೊಂಡ್ಬಿಡ್ತು ನಂಗೆ. ಸಂತೆಯಿಂದ ಮೆಷಿನ್ನಲ್ಲಿ ತುರಿದಿದ್ದೇ ತರ್ತೀನಿ. ಛಿನ್ ಅಣ್ಣಂಗೆ ಹೇಳ್ಬೇಡಿ, ಪಾಪ, ಅಷ್ಟು ಪ್ರೀತಿಯಿಂದ ಕೊಟ್ಟಿದಾರೆ."

"ಪ್ರೀತಿ" ಅನ್ನುವ ಪದಕ್ಕೆ ಯುಪಿನ್ ಹಲ್ಲು ಕಚ್ಚಿದಳು. "ಇಳಿಸು, ನೋಡ್ತೀನಿ" ಅಂದಳು.

ಸುಮಾಲಿ ಇಳಿಸಿದಳು. ಯುಪಿನ್ ಕೂತಳು. ಪಾದ ಎರಡೂ ನೆಲಕ್ಕೆ ಪಟ್ಟಾಗಿ ಕೂತವು. ಮೂರು ಹೆರಿಗೆ ಆದ ಮೇಲೆ ವಾಲಿದ ಅವಳ ಸೊಂಟಕ್ಕೆ ಮರದಲ್ಲಿ ತಕ್ಕ ತಗ್ಗಿತ್ತು. ಅಲ್ಲೇ ಇದ್ದ ಕಾಯಿಹೋಳು ಎತ್ತಿ ಕಬ್ಬಿಣಕ್ಕೆ ಒತ್ತಿದಳು, ಎಡಗೈಯಲ್ಲಿ. ಯುಪಿನ್ ಎಡಚಿ. ನಮ್ಮೂರಲ್ಲಿ ಎಡಗೈಯಲ್ಲಿ ಕಾಯಿ ತುರಿಯುವವಳು ಅವಳೊಬ್ಬಳೇ. ಕಾಯಿ ಹತ್ತಿಯಂತೆ ಉದುರಿತು.

"ಅಕ್ಕಾ, ನಿಮಗೇ ಅಂತ ಮಾಡಿದ ಹಾಗಿದೆಯಲ್ಲ!" ಅಂದಳು ಸುಮಾಲಿ.

ಯುಪಿನ್ ಎದ್ದಳು. ಚೀಲವನ್ನೂ ಅಲ್ಲೇ ಮರೆತಳು. ನೇರ ಲಮೈಯ ಅಡುಗೆಮನೆಗೆ ನುಗ್ಗಿ, ಅವಳು ಏನು ಎತ್ತ ಅನ್ನುವುದರೊಳಗೆ ಆಮೆಯ ಮೇಲೆ ಕೂತಳು. ಅದೇ ಎತ್ತರ, ಅದೇ ತಗ್ಗು, ಕಬ್ಬಿಣ ಎಡಕ್ಕೆ.

"ಇದರಲ್ಲಿ ನೀನು ಹೆಂಗೆ ತುರೀತೀಯೇ?"

"ಮೈ ಓರೆ ಮಾಡಿ ಕೂತ್ಕೊಂಡು" ಅಂದಳು ಲಮೈ. "ನಾವೆಲ್ಲ ಹಂಗೇ. ಅಣ್ಣನ ಕೈ ಸ್ವಲ್ಪ ಸೊಟ್ಟ ಅಂತ ಅನ್ಕೊಂಡು ಸುಮ್ಮನಿದೀವಿ. ಪುಕ್ಕಟೆ ಸಿಕ್ಕಿದ ಹಸು, ಹಲ್ಲು ಎಣಿಸೋಕಾಗುತ್ತಾ?"

ಒಂದು ಗಳಿಗೆ ಯುಪಿನಳ ಎದೆ ಹಿಗ್ಗಿತು. ಅವನಿಗೆ ಗೊತ್ತಿದ್ದ ಅಳತೆ ಒಂದೇ! ಮರುಗಳಿಗೆಯೇ ಹೊಟ್ಟೆಕಿಚ್ಚು ಮೊದಲಿಗಿಂತ ದುಪ್ಪಟ್ಟಾಯಿತು. ಹಾಗಾದರೆ ಅವೆಲ್ಲ ತನ್ನವು. ತನ್ನ ಬೆಕ್ಕು, ತನ್ನ ಆಮೆ, ತನ್ನ ಬಾತುಕೋಳಿ. ಅವುಗಳ ಮೇಲೆ ಇಷ್ಟು ವರ್ಷ ಊರ ಹೆಂಗಸರೆಲ್ಲ ಕುಂಡೆ ಊರಿದ್ದಾರೆ, ಮೇಲಾಗಿ ಸೊಟ್ಟ ಅಂತ ದೂರಿದ್ದಾರೆ!

ಮನೆಗೆ ಬಂದಾಗ ಛಿನ್ ಹೊಸದೊಂದರ ಮೇಲೆ ಬಗ್ಗಿದ್ದ.

"ಯಾರಿಗ್ರೀ ಇದು?"

ಅವನು ತಲೆ ಎತ್ತಲಿಲ್ಲ. "ನೋಡೋಣ."

"ನೋಡೋಣ ಅಲ್ಲ. ನನ್ನ ಮುಖ ನೋಡಿ ಹೇಳಿ. ಸುಮಾಲಿ ಬೆಕ್ಕು ಯಾರಿಗೆ ಅಂತ ಶುರು ಮಾಡಿದ್ರಿ?"

ಉಳಿ ನಿಂತಿತು. ಛಿನ್ ಮರದ ಮೇಲಿನ ಪುಡಿ ಒರೆಸಿದ. "ನಿಂಗೇ" ಅಂದ. "ಎಲ್ಲಾನೂ ನಿಂಗೇ ಅಂತಲೇ ಶುರು ಮಾಡೋದು. ಕೊನೇಲಿ ಏನೋ ಒಂದು ಕೆಡುತ್ತೆ. ಆಮೆಗೆ ಕತ್ತು ಗಿಡ್ಡ ಆಯ್ತು. ಬಾತುಕೋಳಿ ರೆಕ್ಕೇಲಿ ಗಂಟು ಬಂತು. ಬೆಕ್ಕಿನ ಮೀಸೆ ಒಂದು ಕಡೆ ಉದ್ದ ಆಯ್ತು, ನೀನು ನೋಡ್ಲಿಲ್ವಾ? ಅಂಥದ್ದನ್ನ ನಿಂಗೆ ಹೆಂಗೆ ಕೊಡೋದು? ಯಾರಾದ್ರೂ ಕೇಳಿದ್ರೆ ಕೊಟ್ಬಿಡ್ತೀನಿ."

"ಅಯ್ಯೋ ನಿಮ್ಮ ಮನೆ ಕಾಯ್ವಾಗ! ಆ ಮೀಸೆ ನೋಡಿ ಅತ್ತುಬಿಟ್ಟೆ ಕಣ್ರೀ ನಾನು!"

"ಇದು ಸರಿ ಬರುತ್ತೆ" ಅಂದ ಛಿನ್. "ಮೊಲ. ಕಿವಿ ಬಿಡಿಸಿದ್ರೆ ಆಯ್ತು. ಹಬ್ಬ ಕಳೀಲಿ, ನಿಧಾನಕ್ಕೆ..."

ಅವನ ಮಾತು ಮುಗಿಯಲಿಲ್ಲ. ಯುಪಿನ್ ಉಳಿಯನ್ನು ಕಿತ್ತುಕೊಂಡು ಅತ್ತ ಎಸೆದು, ಆ ಅರೆಬರೆ ದಿಮ್ಮಿಯ ಮೇಲೆ ಲುಂಗಿ ಒತ್ತಿಕೊಂಡು ಕೂತೇಬಿಟ್ಟಳು.

"ಏಳೇ, ಕಿವಿ ಇಲ್ಲ ಅದಕ್ಕೆ!"

"ಏಳಲ್ಲ."

"ಮೂಗೂ ಬಂದಿಲ್ಲ. ನೋಡಿದವರು ಏನಂದಾರು?"

"ಏನಾದ್ರೂ ಅನ್ಲಿ. ಕಬ್ಬಿಣ ತಂದು ಬಡೀರಿ. ನಾನು ಕೂತಿರೋವಾಗ್ಲೇ ಬಡೀರಿ."

ಅವಳು ಕೂತಿದ್ದಂತೆಯೇ, ಅವಳ ಕಾಲ ಬಳಿ ಮಂಡಿಯೂರಿ, ಗೊಣಗುತ್ತ ಬಡಿದ. ಆಮೇಲೆ ಎರಡು ಸಲ ಮರ ಉಜ್ಜುವ ಮರಳು ಕಾಗದ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದ. ಎರಡು ಸಲವೂ ಸೌಟು ತೋರಿಸಿ ಓಡಿಸಿದಳು.

ಹಬ್ಬದ ಹಿಂದಿನ ದಿನ ಲಮೈ ಬಂದು, ರಾಶಿ ಬಿದ್ದ ಕಾಯಿತುರಿಯ ನಡುವೆ ಕೂತಿದ್ದ ಯುಪಿನಳ ಕೆಳಗೆ ಬಗ್ಗಿ ನೋಡಿದಳು. "ಇದೇನಕ್ಕ ಇದು? ಹಂದಿನೋ, ಇಲಿನೋ?"

"ಮೆಲ್ಲಗೆ ಮಾತಾಡೇ!" ಯುಪಿನ್ ಬಾಗಿಲತ್ತ ನೋಡಿ ಪಿಸುಗುಟ್ಟಿದಳು. "ಇವ್ರು ಕೇಳಿಸ್ಕೊಂಡ್ರೆ ಸರಿ ಮಾಡ್ತೀನಿ ಅಂತ ಒಯ್ತಾರೆ. ಸರಿ ಮಾಡೋಕೆ ಹೋಗಿ ಕೆಡಿಸಿದ್ರೆ ನಾಳೆ ಅದು ನಿನ್ನ ಮನೇಲಿರುತ್ತೆ."